ವಿಮಾನಯಾನ, ಪ್ರವಾಸೋದ್ಯಮ ಮತ್ತು ಪ್ರಾದೇಶಿಕ ಅಭ್ಯುದಯ: ಗೋವೆಯ ನಿದರ್ಶನ

ಜಾತ್ರೆಯ ಊರಿನವರಿಗೆ ಪ್ರವಾಸೋದ್ಯಮದ ಮೊದಲ ಪಾಠವನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಲಕ್ಷಾಂತರ ಜನ ನೆರೆಯುತ್ತಾರೆ. ಬಂದವರು ದರ್ಶನ ಪಡೆದು ಸುಮ್ಮನೆ ಮರಳುವುದಿಲ್ಲ. ಬಳೆ ಇಡಿಸಿಕೊಳ್ಳುತ್ತಾರೆ, ಬೆಂಡು ಬತ್ತಾಸು ಕಟ್ಟಿಸಿಕೊಳ್ಳುತ್ತಾರೆ, ಮಕ್ಕಳಿಗೆ ಆಟಿಕೆ ಕೊಡಿಸುತ್ತಾರೆ. ಬಳೆಗಾರನ ಕೈಸೇರಿದ ಹಣ ಕಿರಾಣಿ ಅಂಗಡಿಗೆ, ಅಲ್ಲಿಂದ ಗಾಡಿಯವನಿಗೆ, ಗಾಡಿಯವನಿಂದ ಮೇವು ಮಾರುವ ರೈತನಿಗೆ ಸಲ್ಲುತ್ತದೆ. ಹೊರಗಿನಿಂದ ಬಂದ ಒಂದು ರೂಪಾಯಿ ಊರು ಬಿಡುವ ಮುನ್ನ ನಾಲ್ಕಾರು ಕೈಗಳನ್ನು ಹಾದುಹೋಗುತ್ತದೆ. ಪ್ರವಾಸದಿಂದ ಒಂದು ಪ್ರದೇಶದ ಆರ್ಥಿಕ ಸ್ಥಿತಿ ಸುಧಾರಿಸುವ ಬಗೆಯನ್ನು ಕುರಿತು ಅರ್ಥಶಾಸ್ತ್ರಜ್ಞರು ಹೇಳಿರುವುದರ ತಿರುಳು ಬಹುಮಟ್ಟಿಗೆ ಇಷ್ಟೇ.

ವಿಮಾನವು ಈ ತತ್ತ್ವವನ್ನು ಬದಲಿಸಲಿಲ್ಲ. ಅದರ ಅಳತೆಯನ್ನೂ ಆಕಾರವನ್ನೂ ಬದಲಿಸಿತು. ಗಾಡಿಯಲ್ಲಿಯೋ ಕಾಲ್ನಡಿಗೆಯಲ್ಲಿಯೋ ಹೊರಟ ಯಾತ್ರಿಕನು ದಾರಿಯುದ್ದಕ್ಕೂ ಖರ್ಚು ಮಾಡುತ್ತಿದ್ದನು. ಛತ್ರಗಳು, ಖಾನಾವಳಿಗಳು, ಲಾಳ ಹೊಡೆಯುವವರು, ದೋಣಿಯವರು ಎಲ್ಲರಿಗೂ ಅದರಲ್ಲೊಂದು ಪಾಲಿತ್ತು. ವಿಮಾನದ ಪ್ರಯಾಣಿಕನಾದರೋ ನಡುವಿನ ಊರುಗಳ ತಲೆಯ ಮೇಲೆ ಹಾರಿ ಬರುತ್ತಾನೆ. ದಾರಿಯಲ್ಲಿ ಹಂಚಿಹೋಗುತ್ತಿದ್ದ ಹಣ ಅವನು ಇಳಿಯುವ ಒಂದೇ ಸ್ಥಳದಲ್ಲಿ ಸುರಿಯುತ್ತದೆ. ಆದುದರಿಂದ ಸುರಿದ ಹಣ ಆ ಸ್ಥಳದಲ್ಲಿಯೇ ಇಂಗುವುದೋ, ಹರಿದುಹೋಗುವುದೋ, ಹರಿದರೆ ಯಾರ ಹೊಲಕ್ಕೆ ಹೋಗುವುದೋ ಎಂಬುದೇ ಇಲ್ಲಿ ವಿಚಾರಿಸಬೇಕಾದ ಮುಖ್ಯ ಸಂಗತಿ. ಇದಕ್ಕೆ ಕನ್ನಡ ನಾಡಿನ ಪಕ್ಕದಲ್ಲಿಯೇ ಇರುವ ಗೋವೆಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

ಗೋವೆಯ ದಾಬೋಳಿ ವಿಮಾನ ನಿಲ್ದಾಣದ ಹುಟ್ಟು ಪ್ರವಾಸಿಗರಿಗಾಗಿ ಆದುದಲ್ಲ. ಪೋರ್ಚುಗೀಸರ ಆಳ್ವಿಕೆಯ ವಿರುದ್ಧ ಭಾರತವು ಆರ್ಥಿಕ ದಿಗ್ಬಂಧನ ವಿಧಿಸಿದ ಕಾಲದಲ್ಲಿ, 1955ರಲ್ಲಿ, ಆ ನಿಲ್ದಾಣ ಕಾರ್ಯಾರಂಭ ಮಾಡಿತು. ಘಟ್ಟದ ಮೇಲಿನ ಮಾರುಕಟ್ಟೆಗಳಿಂದ ಬರುತ್ತಿದ್ದ ದಿನಸಿ ತರಕಾರಿಗಳ ದಾರಿ ಮುಚ್ಚಿದಾಗ ಪೋರ್ಚುಗೀಸ್ ಸರಕಾರ ಬಟಾಟೆಯನ್ನು ನೆದರ್ಲೆಂಡ್ಸ್‌ನಿಂದಲೂ ಅಕ್ಕಿಯನ್ನು ಪಾಕಿಸ್ತಾನದಿಂದಲೂ ತರಿಸಬೇಕಾಯಿತು. ಬೆಳಗಾವಿ ಸೀಮೆಯ ಹೊಲಗಳಿಂದ ಒಂದು ರಾತ್ರಿಯಲ್ಲಿ ಇಳಿದು ಬರಬಹುದಾದ ಪದಾರ್ಥಕ್ಕೆ ಸಮುದ್ರಗಳನ್ನು ದಾಟುವ ಗತಿ ಒದಗಿತು! 1961ರ ಡಿಸೆಂಬರ್ 18ರಂದು ಭಾರತೀಯ ವಾಯುಪಡೆ ದಾಬೋಳಿಯ ರನ್‌ವೇಯ ಮೇಲೆ ಬಾಂಬು ಹಾಕಿತು. ಅದೇ ದಿನ ಬೆಳಗಾವಿಯ ಸಾಂಬ್ರಾದಿಂದ ಹೊರಟ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಕೆಡವಿದವು. ವಿಮೋಚನೆಯ ತರುವಾಯ ದಾಬೋಳಿಯು ನೌಕಾಪಡೆಯ ವಶಕ್ಕೆ ಬಂದು, ನಾಗರಿಕ ವಿಮಾನಗಳು ಅದರ ಒಂದು ಭಾಗವನ್ನು ಬಳಸಿಕೊಳ್ಳುವ ಏರ್ಪಾಡಾಯಿತು. ವಾರದ ಹಲವು ದಿನ ಬೆಳಗಿನ ಹೊತ್ತು ನೌಕಾಪಡೆಯ ತರಬೇತಿಗೆ ಮೀಸಲಾದುದರಿಂದ ನಾಗರಿಕ ವಿಮಾನಗಳಿಗೆ ಸಿಗುವ ವೇಳೆ ಮೊದಲಿನಿಂದಲೂ ಸಂಕುಚಿತವಾಗಿಯೇ ಇತ್ತು.

ಬಹುಕಾಲ ಗೋವೆಯ ಮುಖ್ಯ ಆದಾಯ ಕಬ್ಬಿಣದ ಅದಿರಿನದು. 1974ರಲ್ಲಿ ಅಗ್ವಾದ ಕೋಟೆಯ ಬಳಿ ಮೊದಲ ದೊಡ್ಡ ವಿಹಾರಧಾಮ ತೆರೆಯಿತು. 1983ರ ನವೆಂಬರಿನಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ಮುಖಂಡರು ದಿಲ್ಲಿಯ ಸಮ್ಮೇಳನದ ನಡುವೆ ವಿರಾಮಕ್ಕಾಗಿ ಅಲ್ಲಿ ತಂಗಿದರು. ಆ ನಿಮಿತ್ತ ರಸ್ತೆ, ದೀಪ, ದೂರವಾಣಿಗಳು ಸುಧಾರಿಸಿದುವು. ಜಗತ್ತಿನ ಪತ್ರಿಕೆಗಳಲ್ಲಿ ಗೋವೆಯ ಹೆಸರು ಅಚ್ಚಾಯಿತು. ಎರಡು ವರ್ಷಗಳ ಬಳಿಕ, 1985ರಲ್ಲಿ, ಜರ್ಮನಿಯಿಂದ ಮೊದಲ ಚಾರ್ಟರ್ ವಿಮಾನ ದಾಬೋಳಿಯಲ್ಲಿ ಇಳಿಯಿತು.

ಚಾರ್ಟರ್ ಪದ್ಧತಿಯ ಒಳಗುಟ್ಟನ್ನು ತಿಳಿಯಬೇಕಾದರೆ ವಿಮಾನದ ಆಸನವೆಂಬ ಸರಕಿನ ಗುಣವನ್ನು ಅರಿಯಬೇಕು. ಸಂಜೆಯ ಸಂತೆಯಲ್ಲಿ ಉಳಿದ ಕೊತ್ತಂಬರಿ ಕಟ್ಟಿಗೆ ಅರ್ಧ ಬೆಲೆಯಾದರೂ ಬಂದೀತು. ವಿಮಾನ ನೆಲ ಬಿಟ್ಟ ಮೇಲೆ ಖಾಲಿ ಉಳಿದ ಆಸನಕ್ಕೆ ಬಿಡಿಗಾಸೂ ಬಾರದು. ಅದನ್ನು ನಾಳೆಗೆಂದು ಕೂಡಿಡುವಂತಿಲ್ಲ. ಇಂಧನ, ವಿಮಾನದ ಬಾಡಿಗೆ, ಚಾಲಕರ ವೇತನ ಮಾತ್ರ ಆಸನ ತುಂಬಿದರೂ ತುಂಬದಿದ್ದರೂ ಹೆಚ್ಚು ಕಡಿಮೆ ಒಂದೇ. ಆದುದರಿಂದ ಪ್ರವಾಸಿ ಕಂಪನಿಯೊಂದು ಇಡೀ ವಿಮಾನವನ್ನೇ ಗೊತ್ತುಪಡಿಸಿಕೊಂಡು, ಆಸನದೊಡನೆ ಹೋಟೆಲಿನ ಕೋಣೆ, ಊಟ, ವಾಹನಗಳನ್ನು ಸೇರಿಸಿ ಒಂದೇ ಬೆಲೆಗೆ ಮಾರುತ್ತದೆ. ಆಸನ ತುಂಬುತ್ತದೆ, ದರ ಇಳಿಯುತ್ತದೆ, ಯುರೋಪಿನ ಸಾಮಾನ್ಯ ಸಂಬಳಗಾರನೂ ಚಳಿಗಾಲದ ಹದಿನೈದು ದಿನಗಳನ್ನು ಅರಬ್ಬೀ ಸಮುದ್ರದ ದಂಡೆಯಲ್ಲಿ ಕಳೆಯಬಲ್ಲವನಾಗುತ್ತಾನೆ. ಆದರೆ ಆ ಒಂದೇ ಬೆಲೆಯನ್ನು ಅವನು ತೆರುವುದು ತನ್ನ ಊರಿನಲ್ಲಿ. ವಿಮಾನದವರ ಪಾಲು, ಕಂಪನಿಯ ಲಾಭ, ದಲಾಲಿ ಅಲ್ಲಿಯೇ ಉಳಿಯುತ್ತವೆ. ಗೋವೆಯವರೆಗೆ ಬರುವುದು ಮಿಕ್ಕ ಪಾಲು.

ಇಲ್ಲಿ ಗುಣಕದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಉಪಯುಕ್ತ. 1931ರಲ್ಲಿ ರಿಚರ್ಡ್ ಕಾನ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞರು ರೂಪಿಸಿ, 1936ರಲ್ಲಿ ಕೇನ್ಸ್ ಅವರು ಪ್ರಸಿದ್ಧಿಗೆ ತಂದ ತತ್ತ್ವವಿದು. ಪ್ರವಾಸಿಯೊಬ್ಬನು ಊರಿನಲ್ಲಿ 100 ರೂಪಾಯಿ ಖರ್ಚು ಮಾಡಿದನೆಂದು ಇಟ್ಟುಕೊಳ್ಳೋಣ. ಅದನ್ನು ಪಡೆದವರು 60 ರೂಪಾಯಿಯನ್ನು ಅದೇ ಊರಿನ ಪದಾರ್ಥಕ್ಕೂ ದುಡಿಮೆಗೂ ಕೊಟ್ಟು, 40 ರೂಪಾಯಿಯನ್ನು ಹೊರಗಿನ ಸರಕಿಗೆ ಕೊಟ್ಟರೆ, ಎರಡನೆಯ ಸುತ್ತಿನಲ್ಲಿ 60, ಮೂರನೆಯದರಲ್ಲಿ 36, ನಾಲ್ಕನೆಯದರಲ್ಲಿ 21 ರೂಪಾಯಿ 60 ಪೈಸೆ, ಹೀಗೆ ಇಳಿಯುತ್ತ ಒಟ್ಟು 250 ರೂಪಾಯಿಯ ವ್ಯವಹಾರ ಊರಿನಲ್ಲಿ ನಡೆಯುತ್ತದೆ. ಅದೇ 100 ರೂಪಾಯಿಯಲ್ಲಿ ಊರಿನೊಳಗೆ ಉಳಿಯುವುದು 20 ಮಾತ್ರವಾದರೆ ಸುತ್ತುಗಳು ಬೇಗ ಸೊರಗಿ ಒಟ್ಟು ಮೊತ್ತ 125ಕ್ಕೇ ನಿಲ್ಲುತ್ತದೆ. ಬಂದ ಪ್ರವಾಸಿ ಒಬ್ಬನೇ, ಮಾಡಿದ ಖರ್ಚೂ ಒಂದೇ; ಫಲ ಮಾತ್ರ ಇಮ್ಮಡಿ. ಹೊರಗೆ ಹೋಗುವ ಈ ಭಾಗವನ್ನು ಸೋರಿಕೆ ಎನ್ನುತ್ತಾರೆ. ಬಂದಿಳಿದವರ ತಲೆ ಎಣಿಸಿ ಪ್ರಗತಿಯನ್ನು ಸಾರುವ ವರದಿಗಳಲ್ಲಿ ಈ ಸೋರಿಕೆಯ ಪ್ರಸ್ತಾಪ ಬರುವುದು ಅಪರೂಪ. ತಲೆ ಎಣಿಸುವುದು ಸುಲಭ, ಹಣದ ಜಾಡು ಹಿಡಿಯುವುದು ಕಷ್ಟ ಎಂಬುದೇ ಇದಕ್ಕೆ ಕಾರಣವಿರಬೇಕು.

ಗೋವೆಗೆ 2019ರಲ್ಲಿ ಬಂದ ಪ್ರವಾಸಿಗರು ಸುಮಾರು 80 ಲಕ್ಷ; ಅವರಲ್ಲಿ ವಿದೇಶೀಯರು ಸುಮಾರು 9 ಲಕ್ಷ. 2011ರ ಜನಗಣತಿಯಂತೆ ಆ ರಾಜ್ಯದ ಜನಸಂಖ್ಯೆ 14.6 ಲಕ್ಷ, ವಿಸ್ತೀರ್ಣ 3,702 ಚದರ ಕಿಲೋಮೀಟರ್. ಮನೆಯವರಿಗಿಂತ ಐದು ಪಟ್ಟು ಹೆಚ್ಚು ಅತಿಥಿಗಳು ಬರುವ ಮನೆಯಲ್ಲಿ ಅಡುಗೆಗೆ ಬೇಕಾದುದೆಲ್ಲ ಹಿತ್ತಲಲ್ಲಿ ಬೆಳೆಯಲಾರದು. ಗೋವೆಯ ತೆಂಗು, ಗೇರು, ಮೀನು ಅಲ್ಲಿನವೇ ಆದರೂ ತರಕಾರಿ ಮತ್ತು ಹಾಲಿನ ದೊಡ್ಡ ಪಾಲು ಹೊರಗಿನಿಂದ ಬರಬೇಕು. ಬೆಳಗಾವಿಯ ಮಾರುಕಟ್ಟೆಯಲ್ಲಿ ಲಿಲಾವಾದ ಕ್ಯಾಬೇಜು, ಹೂಕೋಸು, ಗಜ್ಜರಿ, ಬಟಾಟೆ, ಹಸಿಮೆಣಸಿನಕಾಯಿಗಳು ಚೋರ್ಲಾ ಘಟ್ಟ ಇಲ್ಲವೆ ಅನಮೋಡ ಘಟ್ಟದ ದಾರಿಯಾಗಿ ಕೆಳಗಿಳಿಯುತ್ತವೆ. ಗೋವೆ ಸರಕಾರದ ತೋಟಗಾರಿಕಾ ನಿಗಮವೇ ತನ್ನ ಮಳಿಗೆಗಳಿಗಾಗಿ ಬೆಳಗಾವಿಯಿಂದ ತರಕಾರಿಯನ್ನು ಕೊಳ್ಳುತ್ತದೆ. ಇದರ ಮಹತ್ತ್ವ ಎಷ್ಟೆಂಬುದು ಸಾಮಾನ್ಯ ದಿನಗಳಲ್ಲಿ ಕಾಣುವುದಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ನಿಮಿತ್ತ ಗಡಿಗಳು ಮುಚ್ಚಿ ಲಾರಿಗಳು ನಿಂತಾಗ ಗೋವೆಯಲ್ಲಿ ತರಕಾರಿಗೆ ಹಾಹಾಕಾರವೆದ್ದಿತು; ಅದೇ ವೇಳೆಗೆ ಘಟ್ಟದ ಮೇಲೆ ಕೊಳ್ಳುವವರಿಲ್ಲದೆ ಬೆಳೆ ಹೊಲದಲ್ಲಿಯೇ ಉಳಿಯಿತು. ಅರವತ್ತೈದು ವರ್ಷಗಳ ಹಿಂದಿನ ದಿಗ್ಬಂಧನದಲ್ಲಿ ಕಂಡ ಸಂಬಂಧವೇ ಮತ್ತೊಮ್ಮೆ ಕಣ್ಣಿಗೆ ಬಿದ್ದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗೋವೆಯ ಲೆಕ್ಕದಲ್ಲಿ ಸೋರಿಕೆಯೆಂದು ಬರೆದುದು ಬೆಳಗಾವಿಯ ಲೆಕ್ಕದಲ್ಲಿ ಆದಾಯ. ಪ್ರದೇಶವೆಂಬ ಶಬ್ದಕ್ಕೆ ಆಡಳಿತದ ಗಡಿಯನ್ನು ಅರ್ಥವಾಗಿ ಇಟ್ಟುಕೊಂಡರೆ ಒಂದು ಉತ್ತರ, ಲಾರಿ ಓಡುವ ದೂರವನ್ನು ಅರ್ಥವಾಗಿ ಇಟ್ಟುಕೊಂಡರೆ ಇನ್ನೊಂದು ಉತ್ತರ. ದಾಬೋಳಿಯಲ್ಲಿ ಇಳಿದ ವಿಮಾನದ ಫಲ ಖಾನಾಪುರದ, ಬೈಲಹೊಂಗಲದ ರೈತನಿಗೂ ಒಂದಿಷ್ಟು ಮುಟ್ಟುತ್ತದೆ. ಅವನು ಆ ವಿಮಾನವನ್ನು ನೋಡಿಯೂ ಇರಲಾರನು. ಮಾಲ್ದೀವ್ಸ್ ದ್ವೀಪಗಳ ಸ್ಥಿತಿಯನ್ನು ಇದರೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ 1972ರಲ್ಲಿ ಪ್ರವಾಸೋದ್ಯಮ ಆರಂಭವಾಯಿತು. 2019ರಲ್ಲಿ 17 ಲಕ್ಷ ವಿದೇಶೀಯರು, ಬಹುತೇಕ ಎಲ್ಲರೂ ವಿಮಾನದ ಮೂಲಕವೇ, ಆ ಪುಟ್ಟ ದೇಶಕ್ಕೆ ಬಂದರು. ಒಂದೊಂದು ದ್ವೀಪಕ್ಕೆ ಒಂದೊಂದು ವಿಹಾರಧಾಮ. ಮೀನನ್ನು ಬಿಟ್ಟರೆ ಅತಿಥಿಯ ತಟ್ಟೆಗೆ ಬರುವ ಅಕ್ಕಿ, ಹಣ್ಣು, ತರಕಾರಿ ಬಹುಪಾಲು ಆಮದು. ದೇಶ ಸಂಪನ್ನವಾದುದು ನಿಜ. ಆದರೆ ಬಂದ ಡಾಲರಿನ ಬಹುಭಾಗ ಮತ್ತೆ ಸಮುದ್ರ ದಾಟಿಹೋಗುತ್ತದೆ. ಗೋವೆಗೆ ಬೆನ್ನಿಗೊಂದು ಘಟ್ಟವಿದೆ, ಘಟ್ಟದ ಮೇಲೊಂದು ಬಯಲಿದೆ. ಮಾಲ್ದೀವ್ಸಿಗೆ ಅದಿಲ್ಲ.

ಒಂದೇ ಆದಾಯವನ್ನು ನೆಚ್ಚಿದ ಪ್ರದೇಶದ ಕಷ್ಟವೂ ಗೋವೆಗೆ ಚೆನ್ನಾಗಿ ಪರಿಚಿತ. 2012ರಲ್ಲಿ ಅದಿರಿನ ಗಣಿಗಾರಿಕೆ ನಿಂತಿತು. ಭಾಗಶಃ ಪುನರಾರಂಭವಾದುದು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ 2018ರ ಮಾರ್ಚಿನಲ್ಲಿ ಮತ್ತೆ ನಿಂತಿತು. ಟ್ರಕ್ಕು, ದೋಣಿಗಳಿಗೆ ಸಾಲ ಮಾಡಿದ್ದ ಎಷ್ಟೋ ಕುಟುಂಬಗಳು ಪ್ರವಾಸೋದ್ಯಮದ ಕಡೆಗೆ ಮುಖ ಮಾಡಬೇಕಾಯಿತು. ಆದರೆ ಆ ಉದ್ಯಮದ ಬೇರುಗಳಿದ್ದುದು ಬೇರೆ ದೇಶಗಳಲ್ಲಿ. 2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ ದಿವಾಳಿಯಾಗಿ, ಋತು ಆರಂಭವಾಗುವ ಹೊಸ್ತಿಲಲ್ಲಿಯೇ ಅದರ ವಿಮಾನಗಳು ರದ್ದಾದುವು. ಮುಂದಿನ ಮಾರ್ಚಿನಲ್ಲಿ ಎಲ್ಲ ಅಂತರರಾಷ್ಟ್ರೀಯ ವಿಮಾನಗಳೂ ನಿಂತುವು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ರಷ್ಯದ ಚಾರ್ಟರುಗಳು ತಪ್ಪಿದುವು. ಕಲಂಗೂಟಿನ ಶಾಕು, ಕೋಣೆ, ಬಾಡಿಗೆ ಗಾಡಿಯವರು ಮಾಡಿದ ತಪ್ಪಾದರೂ ಏನು? ಲಂಡನ್ನಿನ ಕಚೇರಿಯೊಂದರ ಲೆಕ್ಕಪುಸ್ತಕ ಅವರ ಮನೆಯ ಒಲೆಯನ್ನು ಆರಿಸಬಲ್ಲದೆಂಬುದು ಅವರಿಗೆ ತಿಳಿದುದು ಒಲೆ ಆರಿದ ಮೇಲೆ.

ಗೋವೆಯನ್ನು ಆ ವರ್ಷಗಳಲ್ಲಿ ಕೈಹಿಡಿದವರು ಸ್ವದೇಶದ ಪ್ರವಾಸಿಗರು. ಇದರ ಹಿನ್ನೆಲೆಯಲ್ಲಿ ಕನ್ನಡಿಗರೊಬ್ಬರ ಸಾಹಸವೂ ಇದೆ. 2003ರಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಏರ್ ಡೆಕ್ಕನ್ ಮೂಲಕ ಅಗ್ಗದ ದರದ ವಿಮಾನಯಾನವನ್ನು ಭಾರತದಲ್ಲಿ ಆರಂಭಿಸಿ, ಹುಬ್ಬಳ್ಳಿಯಂಥ ನಗರಗಳನ್ನೂ ಅದರ ನಕಾಶೆಗೆ ಸೇರಿಸಿದರು. ಆ ಸಂಸ್ಥೆ ಬಹುಕಾಲ ಸ್ವತಂತ್ರವಾಗಿ ಉಳಿಯಲಿಲ್ಲವಾದರೂ ಅದು ತೋರಿಸಿದ ಮಾರ್ಗ ಉಳಿಯಿತು. ಬೆಂಗಳೂರು, ಮುಂಬಯಿ, ದಿಲ್ಲಿಗಳ ಮಧ್ಯಮ ವರ್ಗ ಮೂರು ದಿನದ ರಜೆಗೂ ಗೋವೆಗೆ ಹಾರತೊಡಗಿತು. ದಾಬೋಳಿಯ ಇಕ್ಕಟ್ಟನ್ನು ನಿವಾರಿಸಲೆಂದು ಉತ್ತರದ ಪೆಡ್ಣೆ ತಾಲ್ಲೂಕಿನ ಮೋಪಾದಲ್ಲಿ ಎರಡನೆಯ ನಿಲ್ದಾಣ ನಿರ್ಮಾಣವಾಗಿ, 2023ರ ಜನವರಿ 5ರಿಂದ ವಿಮಾನಗಳು ಬರತೊಡಗಿದುವು. ಆಗ ದಕ್ಷಿಣ ಗೋವೆಯ ಹೋಟೆಲಿನವರಿಗೂ ಟ್ಯಾಕ್ಸಿಯವರಿಗೂ ಹುಟ್ಟಿದ ಆತಂಕ ಸಹಜವಾದುದೇ. ಇಳಿಯುವ ಜಾಗ ಐವತ್ತು ಅರವತ್ತು ಕಿಲೋಮೀಟರು ಸರಿದರೆ ಹಣ ಸುರಿಯುವ ಜಾಗವೂ ಸರಿಯುತ್ತದೆ. ಭೂಮಿಯ ಬೆಲೆ ಒಂದೆಡೆ ಏರುತ್ತದೆ, ಇನ್ನೊಂದೆಡೆ ಬಾಡಿಗೆ ಗಾಡಿ ನೆರಳಲ್ಲಿ ನಿಲ್ಲುತ್ತದೆ.

ಇನ್ನು ಘಟ್ಟದ ಮೇಲಿನ ವಿಮಾನ ನಿಲ್ದಾಣಗಳ ವಿಚಾರ. ಕಳೆದ ಹತ್ತು ವರ್ಷಗಳಲ್ಲಿ ಉತ್ತರ ಕರ್ನಾಟಕದಲ್ಲಿ ರನ್‌ವೇಗಳಿಗೆ ಬರವಿಲ್ಲ. ಹುಬ್ಬಳ್ಳಿಯ ಹೊಸ ನಿಲ್ದಾಣ 2017ರ ಡಿಸೆಂಬರಿನಲ್ಲಿ, ಕಲಬುರಗಿಯದು 2019ರ ನವೆಂಬರಿನಲ್ಲಿ, ಬೀದರಿನದು 2020ರ ಫೆಬ್ರವರಿಯಲ್ಲಿ ತೆರೆದುವು. ಇವಕ್ಕೆಲ್ಲ ಬೆನ್ನೆಲುಬಾದುದು ಕೇಂದ್ರ ಸರಕಾರದ ಉಡಾನ್ ಯೋಜನೆ. ಯೋಜನೆಯ ಆರಂಭದಲ್ಲಿ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿಯಲ್ಲಿ ಅರ್ಧದಷ್ಟು ಆಸನಗಳನ್ನು ಮಾರಬೇಕಾಗಿತ್ತು; ಅದರಿಂದಾಗುವ ಕೊರತೆಯನ್ನು ಸರಕಾರ ಮೂರು ವರ್ಷಗಳವರೆಗೆ ತುಂಬಿಕೊಡುತ್ತಿತ್ತು. 2017ರ ಏಪ್ರಿಲಿನಲ್ಲಿ ಸಿಮ್ಲಾ ದಿಲ್ಲಿ ನಡುವೆ ಇದರ ಮೊದಲ ವಿಮಾನ ಹಾರಿತು. 2023ರಲ್ಲಿ ಭಾರತದ ಮಹಾಲೇಖಪಾಲರು ಸಲ್ಲಿಸಿದ ವರದಿ ಮಾತ್ರ ಕಣ್ಣು ತೆರೆಸುವಂಥದು. ಪರಿಶೀಲನೆಗೆ ಒಳಗಾದ 774 ಮಾರ್ಗಗಳಲ್ಲಿ ಹಾರಾಟ ಆರಂಭವಾದುದು 371ರಲ್ಲಿ. ಮೂರು ವರ್ಷ ಪೂರೈಸಿದುವು 112. ಸಹಾಯಧನದ ಅವಧಿ ಮುಗಿದ ಮೇಲೂ 2023ರ ಮಾರ್ಚಿನವರೆಗೆ ಬದುಕಿ ಉಳಿದುವು 54. ರನ್‌ವೇ ಪ್ರಯಾಣಿಕರನ್ನು ಸೃಷ್ಟಿಸುವುದಿಲ್ಲ. ಬರುವುದಕ್ಕೂ ಹೋಗುವುದಕ್ಕೂ, ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಆಸನ ತುಂಬುವಷ್ಟು ಕೆಲಸ ಊರಿನಲ್ಲಿರಬೇಕು.

ಹಂಪಿಯ ಸಂಗತಿ ಇದಕ್ಕೆ ಒಳ್ಳೆಯ ಉದಾಹರಣೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಮಹಾನಗರದ ಅವಶೇಷಗಳಿಗೆ ಹತ್ತಿರವಾದ ವಿಮಾನ ನಿಲ್ದಾಣ ತೋರಣಗಲ್ಲಿನ ವಿದ್ಯಾನಗರದ್ದು. ಅದು ಹುಟ್ಟಿದ್ದು ಉಕ್ಕಿನ ಕಾರ್ಖಾನೆಯ ಅಗತ್ಯಕ್ಕೆ. 2017ರಲ್ಲಿ ಉಡಾನ್ ಮೂಲಕ ಅಲ್ಲಿಗೆ ಸಾರ್ವಜನಿಕ ವಿಮಾನ ಬಂದಿತು. ಆ ಸೇವೆ ಆರಂಭಿಸಿದ ಸಂಸ್ಥೆಯೇ 2022ರಲ್ಲಿ ಹಾರಾಟ ನಿಲ್ಲಿಸಿ, ಬಳಿಕ ಬೇರೆ ಸಂಸ್ಥೆಗಳು ಬರಬೇಕಾಯಿತು. ಇತ್ತ ಹಂಪಿಯಲ್ಲಿಯೇ ಸ್ಮಾರಕಗಳ ರಕ್ಷಣೆಗೂ ಬದುಕಿಗೂ ತಿಕ್ಕಾಟ ನಿಲ್ಲಲಿಲ್ಲ. 2011ರಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಿಂದ ಅಂಗಡಿ ಮನೆಗಳವರನ್ನು ತೆರವುಗೊಳಿಸಲಾಯಿತು. 2020ರಲ್ಲಿ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ವಿಹಾರಧಾಮಗಳು ನೆಲಸಮವಾದುವು. ಸ್ಮಾರಕಗಳು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತಂಗಲು ಊರಿಲ್ಲದ ಕಡೆ ಪ್ರವಾಸಿ ಹಗಲು ಬಂದು ಹಗಲೇ ಹೋಗುತ್ತಾನೆ; ರಾತ್ರಿಯ ಊಟ, ಹಾಸಿಗೆಗಳ ಹಣ ಹೊಸಪೇಟೆಗೋ ಬೇರೆಲ್ಲಿಗೋ ಸೇರುತ್ತದೆ.

ಆ ವಿಮಾನ ನಿಲ್ದಾಣಕ್ಕೆ ಸಮೀಪದ ಸಂಡೂರಿನಲ್ಲಿ ಲಂಬಾಣಿ ಮಹಿಳೆಯರ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಕುಶಲ ಕಲಾ ಕೇಂದ್ರವೊಂದು ಅವರ ದುಡಿಮೆಗೆ ನೆಲೆಯಾಗಿದೆ. 2023ರ ಜುಲೈಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡದ ಸಭೆ ಹಂಪಿಯಲ್ಲಿ ಕೂಡಿದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕನ್ನಡಿ ಬಿಲ್ಲೆ, ಕವಡೆ, ಬಣ್ಣದ ನೂಲುಗಳ ಅದೇ ಕಸೂತಿಯನ್ನು ಉತ್ತರ ಕರ್ನಾಟಕದ ತಾಂಡಾಗಳಿಂದ ಹೊರಟ ಇನ್ನೆಷ್ಟೋ ಲಂಬಾಣಿ ಹೆಣ್ಣುಮಕ್ಕಳು ಹಲವು ದಶಕಗಳಿಂದ ಗೋವೆಯ ಅಂಜುಣೆಯ ಬುಧವಾರದ ಸಂತೆಯಲ್ಲಿಯೂ ಕಡಲದಂಡೆಯಲ್ಲಿಯೂ ಮಾರುತ್ತ ಬಂದಿದ್ದಾರೆ. ಒಂದೇ ಕೈಯ ಕಸುಬು, ಕೊಳ್ಳುವವರೂ ಅದೇ ವಿಮಾನಗಳಲ್ಲಿ ಬಂದ ಜನ. ಆದರೆ ಅಲ್ಲಿ ಅದಕ್ಕೆ ಮಾನ್ಯತೆಯ ಮುದ್ರೆಯಿಲ್ಲ. ಗೋವೆಯ 2001ರ ಪ್ರವಾಸಿ ಸ್ಥಳಗಳ ಕಾಯ್ದೆಯಂತೆ ದಂಡೆಯಲ್ಲಿ ತಿರುಗಾಡಿ ಮಾರುವುದು ನಿಷಿದ್ಧ. ಪೋಲೀಸರ ಸುಳಿವು ಸಿಕ್ಕೊಡನೆ ಗಂಟು ಕಟ್ಟಿಕೊಂಡು ಸರಿಯಬೇಕು.

ದಾಬೋಳಿಯ ರನ್‌ವೇಯಿಂದ ಕೆಲವೇ ಕಿಲೋಮೀಟರು ದೂರದ ವಾಸ್ಕೋದಲ್ಲಿ ಬೈನಾ ಎಂಬ ಕಡಲತೀರವಿದೆ. ಬಂದರು, ಕಟ್ಟಡ, ಹೋಟೆಲುಗಳ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಹೋದ ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದುವು. 2015ರ ಸೆಪ್ಟೆಂಬರಿನಲ್ಲಿ, ಮಳೆಗಾಲ ಪೂರ್ತಿ ಮುಗಿಯುವ ಮುನ್ನ, ಅಲ್ಲಿನ ಹಲವು ಮನೆಗಳನ್ನು ಕೆಡವಲಾಯಿತು. ಗೋವೆಯ ಹೋಟೆಲುಗಳ ಗೋಡೆ ಕಟ್ಟಿದ ಕೈಗಳಿಗೆ ತಮ್ಮ ಗೋಡೆಯನ್ನು ಉಳಿಸಿಕೊಳ್ಳುವ ಹಕ್ಕುಪತ್ರವಿರಲಿಲ್ಲ. ಪ್ರವಾಸದ ಋತು ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಶಾಲೆಯ ವರ್ಷ ಜೂನಿನಿಂದ ಏಪ್ರಿಲಿನವರೆಗೆ. ದಸರೆಯ ಬಳಿಕ ಘಟ್ಟ ಇಳಿದು ಮಿರಗಕ್ಕೆ ಮರಳುವ ಕುಟುಂಬದ ಮಗುವಿನ ಹೆಸರು ತಾಂಡಾದ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುತ್ತದೆ, ಮಗು ಇರುವುದಿಲ್ಲ. ವಾಸ್ಕೋ ಭಾಗದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇವೆ. ವರ್ಷವಿಡೀ ಅಲ್ಲಿಯೇ ನೆಲೆಸಿದವರ ಮಕ್ಕಳಿಗೆ ಅವು ದೊಡ್ಡ ಆಸರೆ. ಅರ್ಧ ವರ್ಷ ಇಲ್ಲಿ, ಅರ್ಧ ವರ್ಷ ಅಲ್ಲಿ ಇರುವ ಮಗುವಿಗೆ ಅಕ್ಟೋಬರಿನಲ್ಲಿ ಯಾವ ತರಗತಿಯ ಬಾಗಿಲು ತೆರೆಯಬೇಕು, ಜೂನಿನಲ್ಲಿ ಅದರ ಕಲಿಕೆಯನ್ನು ಯಾವ ಶಾಲೆ ಒಪ್ಪಿಕೊಳ್ಳಬೇಕು ಎಂಬುದನ್ನು ಘಟ್ಟದ ಮೇಲಿನ ಮತ್ತು ಕೆಳಗಿನ ಎರಡೂ ಶಾಲೆಗಳ ಮುಖ್ಯೋಪಾಧ್ಯಾಯರು ಕೂಡಿಯೇ ತೀರ್ಮಾನಿಸಬೇಕಾಗುತ್ತದೆ.